ಮೌನ ಹಿಡಿದ ಮೋಟಾರು

ಬನಹಟ್ಟಿಯ ಮಗ್ಗಗಳಿಂದಿಳಿದ ಸೀರೆಗಳ ಗಂಟುಗಳನ್ನು ಹೇರಿಕೊಂಡ ಸಣ್ಣ ಸರಕು ಗಾಡಿಯೊಂದು ಜಮಖಂಡಿಯ ದಾರಿಯಲ್ಲಿ ಸೊರಗಿ ನಿಂತಿತೆಂದು ಭಾವಿಸೋಣ. ಚಾಲಕನ ಎದುರಿನ ಫಲಕದಲ್ಲಿ ಎಂಜಿನ್ನಿನ ಹಳದಿ ದೀಪ ಹೊತ್ತಿಕೊಂಡಿದೆ. ಮಿಸ್ತ್ರಿಯು ಬಂದು ಸ್ಟಿಯರಿಂಗಿನ ಕೆಳಗಿರುವ ಕಿಂಡಿಗೆ ತನ್ನ ಸ್ಕ್ಯಾನರನ್ನು ಜೋಡಿಸುತ್ತಾನೆ. ಗಾಡಿಯ ರೋಗವನ್ನು ಅದು ಓದಿ ಹೇಳಬೇಕು. ಆದರೆ ಅದು ತೋರಿಸುವುದು ‘ಸಂಪರ್ಕವಿಲ್ಲ’ ಎಂಬ ಒಂದೇ ಮಾತನ್ನು. ಈಗ ರೋಗ ಒಂದಲ್ಲ, ಎರಡಾದವು. ಗಾಡಿಯ ಗಣಕವೇ ಸುಟ್ಟಿದೆಯೆಂದು ಯಾರಾದರೂ ತೀರ್ಪಿತ್ತರೆ, ಬಡ ಮಾಲೀಕನ ಹಲವು ತಿಂಗಳ ದುಡಿಮೆ ಹೊಸ ಗಣಕಕ್ಕೆ ಹೋಗುವುದು. ಆ ತೀರ್ಪು ನಿಜವೋ ಸುಳ್ಳೋ ಎಂಬುದನ್ನು ಒಂದು ಮಲ್ಟಿಮೀಟರು, ಒಂದು ಚಿಕ್ಕ ಬಲ್ಬು ಮತ್ತು ಪ್ರೌಢಶಾಲೆಯಲ್ಲಿ ಕಲಿತ ಓಮನ ನಿಯಮ ಇವುಗಳಿಂದ ಬಹುಮಟ್ಟಿಗೆ ನಿರ್ಣಯಿಸಬಹುದಾಗಿದೆ.

ವಾಹನವೇ ತನ್ನ ಹೊಗೆಯ ಮೇಲೆ ಕಣ್ಣಿಟ್ಟು ದೋಷವನ್ನು ನೆನಪಿನಲ್ಲಿಡಬೇಕೆಂಬ ನಿಯಮವು ಮೊದಲು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1988ರ ಮಾದರಿಗಳಿಗೆ ಬಂದಿತು. 1996ರಲ್ಲಿ ಆ ದೇಶದ ಎಲ್ಲ ಹೊಸ ಕಾರುಗಳಿಗೂ 16 ಪಿನ್ನುಗಳ ಒಂದೇ ಬಗೆಯ ಕಿಂಡಿ ಗೊತ್ತಾಯಿತು. ನಮ್ಮಲ್ಲಿ 2010ರಿಂದೀಚೆಗೆ ಹಂತಹಂತವಾಗಿ ಬಂದ ಈ ಕಡ್ಡಾಯವು 2020ರ ಏಪ್ರಿಲ್ 1ರಂದು ಜಾರಿಯಾದ ಭಾರತ್ ಹಂತ 6ರೊಡನೆ ಮತ್ತಷ್ಟು ಬಿಗಿಯಾಯಿತು. ಮುಧೋಳದ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಎಳೆಯುವ ಹಳೆಯ ಟ್ರ್ಯಾಕ್ಟರುಗಳಲ್ಲಿ ಇಂಥ ಗಣಕವೇ ಇಲ್ಲವಾದುದರಿಂದ ಅವುಗಳಿಗೆ ಈ ಕಾಯಿಲೆಯೂ ಇಲ್ಲ!

ಮೊದಲು ಕೀಲಿಯನ್ನು ತಿರುಗಿಸಿ, ಅದೇ ಸ್ಕ್ಯಾನರನ್ನು ಸುಸ್ಥಿತಿಯಲ್ಲಿರುವ ಬೇರೊಂದು ಗಾಡಿಗೆ ಜೋಡಿಸಿ ನೋಡಬೇಕು. ಅಲ್ಲಿಯೂ ಅದು ಮೂಕವಾಗಿದ್ದರೆ ತಪ್ಪು ಗಾಡಿಯದಲ್ಲ. ಅಲ್ಲಿ ಮಾತನಾಡಿದರೆ, ನಮ್ಮ ಗಾಡಿಯ ಕಿಂಡಿಯನ್ನೇ ಪರೀಕ್ಷಿಸಬೇಕು. ಅದರ ಅಗಲವಾದ ಮೇಲಿನ ಸಾಲಿನಲ್ಲಿ 1ರಿಂದ 8, ಕೆಳಗಿನ ಸಾಲಿನಲ್ಲಿ 9ರಿಂದ 16ನೆಯ ಪಿನ್ನುಗಳಿರುತ್ತವೆ. 16ನೆಯದು ಬ್ಯಾಟರಿಯ ಧನ ಧ್ರುವ. 4 ಮತ್ತು 5 ಅರ್ಥ್. ಸ್ಕ್ಯಾನರಿನ ಪರದೆಯೇ ಬೆಳಗದಿದ್ದರೆ ಫ್ಯೂಸನ್ನು ನೋಡಿರಿ. ಅನೇಕ ಗಾಡಿಗಳಲ್ಲಿ ಫೋನು ಚಾರ್ಜು ಮಾಡುವ ಸಾಕೆಟ್ಟಿಗೂ ಈ ಕಿಂಡಿಗೂ ಫ್ಯೂಸು ಒಂದೇ. ಸಾಕೆಟ್ಟಿನೊಳಗೆ ಬಿದ್ದ ನಾಣ್ಯವೊಂದು ಫ್ಯೂಸನ್ನು ಸುಟ್ಟಿತೆಂದರೆ ಇಲ್ಲಿ ಸ್ಕ್ಯಾನರು ಸಾಯುತ್ತದೆ. ಹೊಸ ಫ್ಯೂಸು ಅಷ್ಟೇ ಆಂಪಿಯರಿನದಾಗಿರಬೇಕು. ಬೀಡಿ ಕಟ್ಟಿನ ಬೆಳ್ಳಿ ಕಾಗದವನ್ನು ಸುತ್ತುವ ಜಾಣತನ ಬೇಡ.

ಇನ್ನು ಮೀಟರಿನ ಮಾತು. 16 ಮತ್ತು 4ರ ನಡುವೆ 12 ವೋಲ್ಟು ತೋರಿದೊಡನೆ ‘ವಿದ್ಯುತ್ತು ಸರಿಯಿದೆ’ ಎನ್ನುವವರು ಬಹಳ. ಇಲ್ಲಿಯೇ ಅವರು ಮೋಸಹೋಗುವುದು. ಅರ್ಥ್ ತಂತಿಯ ಬೋಲ್ಟು ತುಕ್ಕು ಹಿಡಿದು ಅಲ್ಲಿ 1000 ಓಮುಗಳ ರೋಧ ಉಂಟಾಗಿದೆಯೆನ್ನಿ. ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ ಒಂದು ಕೋಟಿ ಓಮು. ಅದು ಸೆಳೆಯುವ ಪ್ರವಾಹ ಒಂದು ಆಂಪಿಯರಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಇಷ್ಟು ಅಲ್ಪ ಪ್ರವಾಹಕ್ಕೆ ತುಕ್ಕಿನಲ್ಲಿ ನಷ್ಟವಾಗುವುದು ವೋಲ್ಟಿನ ಸಾವಿರದಲ್ಲೊಂದು ಭಾಗ ಮಾತ್ರ. ಮೀಟರು ಸುಳ್ಳು ಹೇಳಲಿಲ್ಲ, ನಾವು ಕೇಳಿದ ಪ್ರಶ್ನೆಯೇ ತಪ್ಪು. ಆ ತುಕ್ಕಿನ ಮೂಲಕ 12 ವೋಲ್ಟು ಹರಿಸಬಲ್ಲುದು ಹೆಚ್ಚೆಂದರೆ 12 ಮಿಲಿ ಆಂಪಿಯರು. ಸ್ಕ್ಯಾನರಿಗೆ ಅದು ಸಾಲದು. ಆದುದರಿಂದ 5 ವ್ಯಾಟಿನ ಬಲ್ಬೊಂದನ್ನು ಅವೆರಡು ಪಿನ್ನುಗಳ ನಡುವೆ ಹಚ್ಚಬೇಕು. ಸುಮಾರು 0.4 ಆಂಪಿಯರು ಬೇಡುವ ಅದು ಚೆನ್ನಾಗಿ ಬೆಳಗಿದರೆ ದಾರಿ ನಿಜವಾಗಿಯೂ ಸ್ವಚ್ಛ. ಮೀಟರಿನ ದಪ್ಪ ಮೊನೆಯನ್ನು ಕಿಂಡಿಗೆ ತುರುಕಬಾರದು. ಪಿನ್ನಿನ ಹಿಡಿ ಸಡಿಲವಾಗಿ ಹೊಸ ದೋಷವೇ ಹುಟ್ಟೀತು.

ವಿದ್ಯುತ್ತು ಸರಿಯಿದ್ದೂ ಮಾತು ನಡೆಯದಿದ್ದರೆ ಮಾತಿನ ತಂತಿಗಳನ್ನು ಶಂಕಿಸಬೇಕು. ಇಂದಿನ ಗಾಡಿಗಳಲ್ಲಿ ಇವು 6 ಮತ್ತು 14ನೆಯ ಪಿನ್ನುಗಳು. ಜರ್ಮನಿಯ ಬಾಷ್ ಸಂಸ್ಥೆ 1986ರಲ್ಲಿ ಪ್ರಕಟಿಸಿದ ‘ಕ್ಯಾನ್’ ಎಂಬ ಈ ವ್ಯವಸ್ಥೆಯಲ್ಲಿ ಗಾಡಿಯ ಗಣಕಗಳೆಲ್ಲ ಒಂದೇ ಜೋಡಿ ತಂತಿಗೆ ಅಂಟಿಕೊಂಡಿರುತ್ತವೆ. ಸುಮ್ಮನಿದ್ದಾಗ ಎರಡೂ ತಂತಿ 2.5 ವೋಲ್ಟಿನ ಸುತ್ತ. ಮಾತನಾಡುವಾಗ ಒಂದು 3.5ಕ್ಕೆ ಏರಿ ಮತ್ತೊಂದು 1.5ಕ್ಕೆ ಇಳಿಯುವುದು. ಕೇಳುವವನು ಎರಡರ ಅಂತರವನ್ನು ಮಾತ್ರ ಗಮನಿಸುವುದರಿಂದ, ಹೊಸೆದ ಜೋಡಿಗೆ ಸಮನಾಗಿ ತಾಗುವ ಹೊರಗಿನ ಗದ್ದಲ ಕಳೆದುಹೋಗುತ್ತದೆ. ಕಾಲುವೆಯ ಅಲೆ ಕೊನೆಯ ಗೋಡೆಗೆ ಬಡಿದು ಹಿಮ್ಮರಳುವಂತೆ ಸಂಜ್ಞೆಯೂ ತಂತಿಯ ತುದಿಯಿಂದ ಮರಳಿ ಮಾತನ್ನು ಕೆಡಿಸೀತು. ಅದನ್ನು ಹೀರಲು ಎರಡೂ ತುದಿಗಳಲ್ಲಿ 120 ಓಮಿನ ರೋಧಕಗಳಿರುತ್ತವೆ. ಸಮಾಂತರದಲ್ಲಿ ಇವೆರಡರ ಮೊತ್ತ 60.

ಆದುದರಿಂದ ಬ್ಯಾಟರಿಯ ಋಣ ತಂತಿಯನ್ನು ಕಳಚಿ, ಕೆಲವು ನಿಮಿಷ ಕಾಯ್ದು, 6 ಮತ್ತು 14ರ ನಡುವೆ ಅಳೆಯಿರಿ. 60 ಬಂದರೆ ಮಾರ್ಗ ಅಖಂಡ. 120 ಬಂದರೆ ಒಂದು ರೋಧಕ ಸಿಗುತ್ತಿಲ್ಲ, ಎಲ್ಲಿಯೋ ತಂತಿ ಕಡಿದಿದೆ. ಸೊನ್ನೆಗೆ ಸಮೀಪವಾದರೆ ತಂತಿಗಳೆರಡೂ ಪರಸ್ಪರ ತಾಗಿವೆ, ಇಲ್ಲವೆ ಒಂದು ಗಣಕ ಒಳಗೇ ಕೆಟ್ಟು ಎಲ್ಲರ ಬಾಯಿ ಮುಚ್ಚಿಸಿದೆ. ಒಂದೊಂದಾಗಿ ಕಳಚುತ್ತ ಹೋದರೆ ಅಪರಾಧಿಯು ಹೊರಬಿದ್ದೊಡನೆ ಅಳತೆ ಏರುವುದು. ಹೊರಗಿನಿಂದ ಕೂಡಿಸಿದ ಜಿ.ಪಿ.ಎಸ್. ಪೆಟ್ಟಿಗೆಗಳನ್ನು ಮೊದಲು ಕಳಚುವುದು ಲೇಸು. ಕಿಂಡಿಗೂ ಜಾಲಕ್ಕೂ ನಡುವೆ ದ್ವಾರಪಾಲಕ ಗಣಕವಿರುವ ಹೊಸ ಮಾದರಿಗಳಲ್ಲಿ ಈ ಅಳತೆ ಬೇರೆಯಾಗಬಹುದು. ಹಳೆಯ ಕೆಲವು ಗಾಡಿಗಳು 7ನೆಯ ಪಿನ್ನಿನ ಒಂಟಿ ತಂತಿಯಲ್ಲಿ ಮಾತನಾಡುತ್ತವೆ. ಆಯಾ ಗಾಡಿಯ ವೈರಿಂಗ್ ನಕ್ಷೆಯನ್ನು ನೋಡದೆ ತೀರ್ಮಾನಿಸಬಾರದು.

ನಮ್ಮ ಸೀರೆಯ ಗಾಡಿಯಲ್ಲಿ ಮೀಟರು 12 ವೋಲ್ಟು ತೋರಿತು, ಬಲ್ಬು ಮಾತ್ರ ಹತ್ತಲಿಲ್ಲ ಎನ್ನೋಣ. ಅದರ ಕಪ್ಪು ತುದಿಯನ್ನು ಗಾಡಿಯ ಬರಿ ಲೋಹಕ್ಕೆ ಒತ್ತಿದಾಗ ಅದು ಬೆಳಗಿತು. ಫ್ಯೂಸು, ಧನ ತಂತಿ ಎರಡೂ ನಿರ್ದೋಷಿಗಳಾದವು. ಉಳಿದದ್ದು ಅರ್ಥ್ ಬೋಲ್ಟು. ಉಪ್ಪುಕಾಗದದಿಂದ ಅದರ ತುಕ್ಕನ್ನು ಕೆರೆದು ಬಿಗಿದ ಮೇಲೆ ಸ್ಕ್ಯಾನರು ಬಾಯಿಬಿಟ್ಟಿತು. ಇನ್ನು ಹಳದಿ ದೀಪದ ವಿಚಾರಣೆಯನ್ನು ಆರಂಭಿಸಬಹುದು.