ಮುಷ್ಟಿ ನೋಡಿ ಗುರುತು ಹಿಡಿ

ಓಕಿನಾವಾದ ಹಳೆಯ ಕರಾಟೆ ಫಿಲ್ಮುಗಳಿಗೆ ದನಿಯಿಲ್ಲ. ಬರಿಗಾಲಲ್ಲಿ ಸಾಲಾಗಿ ನಿಂತ ಹುಡುಗರು, ನಡುವೆ ಎಲ್ಲರಿಗಿಂತ ಗೇಣುದ್ದ ಎತ್ತರದ, ಮಿಲಿಟರಿ ಕಟಿಂಗಿನ ಒಬ್ಬ. ಅಮೆರಿಕದವನೆಂದು ಊಹಿಸಲು ಇಷ್ಟು ಸಾಕು. ಯಾವ ಅಮೆರಿಕದವನು ಎಂಬಲ್ಲಿ ಕಷ್ಟ ಶುರು. ಅಂಥ ತಲೆಗಳು ಆ ದ್ವೀಪದಲ್ಲಿ ಸಾವಿರಾರಿದ್ದವು.

1945ರ ಯುದ್ಧದ ಬಳಿಕ ಅಮೆರಿಕದ ಕೈಸೇರಿದ ಓಕಿನಾವಾ ಜಪಾನಿಗೆ ಮರಳಿದ್ದು 1972ರಲ್ಲಿ. 1950ರ ದಶಕದಲ್ಲಿ ಅಲ್ಲಿಗೆ ಬಂದ ಸೈನಿಕರಲ್ಲಿ ಕೆಲವರು ಬಿಡುವಿನ ಸಂಜೆ ಹಿಡಿದದ್ದು ಕರಾಟೆ ಕಲಿಸುವ ದೋಜೋದ ದಾರಿ. 1956ರಲ್ಲಿ ತನ್ನ ಪದ್ಧತಿಗೆ ಇಶಿನ್‌ರ್ಯೂ ಎಂದು ಹೆಸರಿಟ್ಟ ತತ್ಸುವೊ ಶಿಮಾಬುಕು ಅವರ ಬಳಿ ಡಾನ್ ನೇಗಲ್, ಹೆರಾಲ್ಡ್ ಲಾಂಗ್‌ರಂಥ ಮರೀನ್‌ಗಳು ಕಲಿತರು. ಉಎಚಿರ್ಯೂ ಪದ್ಧತಿಯ ಕಡೆ ಹೋದವರು ಜಾರ್ಜ್ ಮ್ಯಾಟ್ಸನ್. ಸೇವಾವಧಿ ಮುಗಿದರೆ ಗಂಟುಮೂಟೆ ಕಟ್ಟಲೇಬೇಕು, ಕಲಿತ ಕಾತಾ, ಅಂದರೆ ಚಲನೆಗಳ ನಿಗದಿತ ಸರಣಿ, ಊರಿಗೆ ಹೋದಮೇಲೆ ಮರೆತರೆ? ಅಂಥವರಿಗೆ ಕ್ಯಾಮೆರಾವೇ ನೋಟುಬುಕ್ಕು.

ಗುರುತು ಹಿಡಿಯಲು ನಾನಾದರೆ ಮುಖದಿಂದ ಶುರುಮಾಡಲಾರೆ. ಮೊದಲು ಮುಷ್ಟಿ. ಗುದ್ದು ಮುಗಿದಾಗ ಅಂಗೈ ನೆಲಕ್ಕೆ ತಿರುಗದೆ ಮುಷ್ಟಿ ನೆಟ್ಟಗೆ, ಹೆಬ್ಬೆರಳು ಮೇಲೆ ಇದ್ದರೆ ಇಶಿನ್‌ರ್ಯೂ ಎನ್ನಬಹುದು. ಮೈಮೇಲೆ ಅಂಗಿಯಿಲ್ಲದೆ ನಿಧಾನವಾಗಿ ಉಸಿರಾಡುತ್ತ ಮೈ ಬಿಗಿಯುವ ಸಾಂಚಿನ್ ಕಾತಾ ಮಾಡುತ್ತಿದ್ದಾನಾ? ಬೆರಳು ಬಿಚ್ಚಿದ್ದರೆ ಉಎಚಿರ್ಯೂ, ಮುಷ್ಟಿ ಕಟ್ಟಿದ್ದರೆ ಗೋಜುರ್ಯೂ ಎಂಬ ಇನ್ನೊಂದು ಪದ್ಧತಿ ಇರಬಹುದು. ಪದ್ಧತಿ ಗೊತ್ತಾದರೆ ಗುರುವಿನ ಕಡೆಗೊಂದು ದಾರಿ, ಗುರು ಗೊತ್ತಾದರೆ ಶಿಷ್ಯರ ಪಟ್ಟಿ ಗಿಡ್ಡವಾಗುತ್ತದೆ.

ಆಮೇಲೆ ಫಿಲ್ಮಿನ ಅಂಚು. ಕೊಡಾಕ್ ತಯಾರಿಸಿದ ರೀಲಾದರೆ ಅಲ್ಲಿ ಸಣ್ಣ ವೃತ್ತ, ಚೌಕ, ತ್ರಿಕೋನಗಳಿರುತ್ತವೆ. ಅದು ತಯಾರಾದ ವರ್ಷದ ಗುಟ್ಟು. ಆದರೆ 20 ವರ್ಷಕ್ಕೊಮ್ಮೆ ಅದೇ ಗುರುತು ಮರಳುತ್ತದೆ, ಹಾಗಾಗಿ 1956ರ ಚಿಹ್ನೆ 1976ರದ್ದೂ ಆಗಬಹುದು! ಅಂಚಿನ ತೂತು ನೋಡಬೇಕು. ಅದು ಪುಟ್ಟದಿದ್ದರೆ ಸೂಪರ್ 8, ಅಂದರೆ 1965ಕ್ಕೆ ಮುಂಚಿನದಲ್ಲ. ದೋಜೋದ ಗೇಟಿನಾಚೆ ರಸ್ತೆಯಲ್ಲಿ ವಾಹನ ಹಾದರೆ ಅದೃಷ್ಟ. ಅಮೆರಿಕದವರು ತಂದ ಬಲಬದಿಯ ಸಂಚಾರ ನಮ್ಮಂತೆ ಎಡಕ್ಕೆ ಬದಲಾದದ್ದು 1978ರ ಜುಲೈ 30ರಂದು, ಒಂದೇ ಬೆಳಗಿನಲ್ಲಿ.

ಇಷ್ಟಾದರೂ ಒಂದು ಎಡವಟ್ಟು ಉಳಿದೇ ಉಳಿಯುತ್ತದೆ. ಕ್ಯಾಮೆರಾ ಹಿಡಿದವನು ಚಿತ್ರದಲ್ಲಿರುವುದಿಲ್ಲ. 1966ರಲ್ಲಿ ಶಿಮಾಬುಕು ಅಮೆರಿಕಕ್ಕೆ ಹೋದಾಗ ಅವರ ಕಾತಾಗಳ ಚಿತ್ರೀಕರಣ ಮಾಡಿಸಿದವರು ಶಿಷ್ಯ ಸ್ಟೀವ್ ಆರ್ಮ್‌ಸ್ಟ್ರಾಂಗ್. ಪರದೆಯ ಮೇಲಿರುವುದು ಗುರುವಿನ ಮೈ.

ಇನ್ನು ಹಿಂದಿನ ಸಾಲು. ಎತ್ತರದವನ ಹೆಸರಿಗೆ ಇಷ್ಟೆಲ್ಲ ಹುಡುಕಾಟ. ಅವನ ಬೆನ್ನ ಹಿಂದೆ ಅವನಿಗಿಂತ ಅಚ್ಚುಕಟ್ಟಾಗಿ ಕಾಲು ತಿರುಗಿಸುತ್ತಿರುವ ಓಕಿನಾವಾದ ಹುಡುಗ ಯಾರು? ನನ್ನ ಕಣ್ಣು ಪ್ರತಿಸಲ ಅವನ ಮೇಲೇ ನಿಲ್ಲುತ್ತದೆ.