ಮಾಳಿಗೆ ರಿಪೇರಿಗೆ ರಜೆ ಕೇಳಿದ ಸೈನಿಕ

ಎಂಜಿನಿಯರಿಂಗ್ ಹುಡುಗರಿಗೆ ರಷ್ಯಾ ಎಂದರೆ ಥಟ್ಟನೆ ನೆನಪಾಗುವುದು ಇರೋಡೊವ್. ಪಿಯುಸಿಯಲ್ಲಿ ಭೌತವಿಜ್ಞಾನದ ಲೆಕ್ಕಗಳಿಂದ ನಮ್ಮ ನಿದ್ದೆ ಕೆಡಿಸಿದ ಮಹಾನುಭಾವ! ಅದೇ ದೇಶ, ಸೋವಿಯತ್ ಒಕ್ಕೂಟವಾಗಿದ್ದ ಕಾಲದಲ್ಲಿ, ಕಣ್ಣು ಒದ್ದೆಯಾಗಿಸುವ ಸಿನಿಮಾಗಳನ್ನೂ ಮಾಡಿತ್ತು ಎಂದು ನನಗೆ ಗೊತ್ತಾಗಿದ್ದು ಬಿಇ ಸೇರಿ ಹಾಸ್ಟೆಲ್‌ಗೆ ಬಂದ ಮೇಲೆ.

ಮೊದಲು ನೋಡಿದ್ದು ‘ಬ್ಯಾಲಡ್ ಆಫ್ ಎ ಸೋಲ್ಜರ್’. ಗ್ರಿಗೊರಿ ಚುಖ್ರಾಯ್ 1959ರಲ್ಲಿ ನಿರ್ದೇಶಿಸಿದ ಕಪ್ಪು–ಬಿಳುಪು ಚಿತ್ರ. 19 ವರ್ಷದ ಸೈನಿಕ ಅಲ್ಯೋಷ ಶತ್ರುಗಳ ಎರಡು ಟ್ಯಾಂಕ್ ಹೊಡೆದುರುಳಿಸುತ್ತಾನೆ. ಪದಕ ಕೊಡಲು ಹೊರಟ ಜನರಲ್‌ ಬಳಿ ಅವನು ಕೇಳುವುದು ರಜೆ. ಯಾಕೆಂದರೆ ಊರಲ್ಲಿ ಅಮ್ಮನ ಮನೆಯ ಚಾವಣಿ ಸೋರುತ್ತಿದೆ. ಹೋಗಲು ಎರಡು ದಿನ, ಬರಲು ಎರಡು ದಿನ, ಚಾವಣಿಗೆ ಎರಡು ದಿನ. ಒಟ್ಟು ಆರು ದಿನ ಸಿಗುತ್ತದೆ.

ಕಾಲು ಕಳೆದುಕೊಂಡು ಹೆಂಡತಿಯ ಎದುರು ಹೋಗಲು ಅಂಜುವ ಯೋಧ, ಇನ್ನೊಬ್ಬ ಸೈನಿಕನ ಮನೆಗೆ ತಲುಪಿಸಬೇಕಾದ ಸಾಬೂನು, ಸರಕು ರೈಲಿನಲ್ಲಿ ಸಿಕ್ಕ ಹುಡುಗಿ ಶುರಾ... ಎಲ್ಲರಿಗೂ ನೆರವಾಗುತ್ತಲೇ ದಿನಗಳು ಕರಗಿಹೋಗುತ್ತವೆ. ಊರು ಮುಟ್ಟಿದಾಗ ಉಳಿದದ್ದು ಕೆಲವೇ ನಿಮಿಷ. ಹೊಲದಿಂದ ಓಡಿಬಂದ ತಾಯಿಯನ್ನು ತಬ್ಬಿಕೊಂಡು, ಬಂದ ಲಾರಿಯಲ್ಲೇ ಹೊರಟುಬಿಡುತ್ತಾನೆ. ಅವನು ಇನ್ನು ಬರುವುದಿಲ್ಲ ಎಂಬುದನ್ನು ಸಿನಿಮಾ ಆರಂಭದಲ್ಲೇ ಹೇಳಿಬಿಟ್ಟಿರುತ್ತದೆ.

ಕಳೆದ ರಜೆಯಲ್ಲಿ ನಾರಾಯಣಪುರಕ್ಕೆ ಹೋದಾಗ ಇದನ್ನು ಮೊಬೈಲ್‌ನಲ್ಲಿ ಅವ್ವನಿಗೆ ತೋರಿಸಿದೆ. ಭಾಷೆ ಬಾರದು, ನಾನೇ ಕಥೆ ಹೇಳುತ್ತಾ ಹೋದೆ. ಚಾವಣಿಯ ಮಾತು ಬಂದಾಗ ಅವ್ವ ತಲೆಯೆತ್ತಿ ನಮ್ಮ ಮಣ್ಣಿನ ಮಾಳಿಗೆ ನೋಡಿದಳು. ಮಳೆಗಾಲಕ್ಕೆ ಮುಂಚೆ ಅದಕ್ಕೆ ಮಣ್ಣು ಹಾಕುವುದು ಅಣ್ಣನ ಕೆಲಸ. ಅವನೀಗ ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದಾನೆ. ಸಿನಿಮಾ ಮುಗಿದ ಮೇಲೆ ಅವ್ವ ಅಂದದ್ದು ಒಂದೇ ಮಾತು: ‘ಎರಡು ರೊಟ್ಟಿನರ ಕಟ್ಟಿ ಕೊಡಬೇಕಿತ್ತು ನೋಡು ಆಕಿ.’

ನಮ್ಮೂರಿನಲ್ಲಿ ಯುದ್ಧವಿಲ್ಲ. ಕೃಷ್ಣೆಗೆ ಕಟ್ಟಿದ ಬಸವಸಾಗರ ಜಲಾಶಯವಿದೆ, ನಾಲೆಗಳಿವೆ. ಆದರೂ ಯಾದಗಿರಿ ಜಿಲ್ಲೆಯಿಂದ ದೊಡ್ಡ ಊರುಗಳಿಗೆ ಗುಳೆ ಹೋಗುವುದು ನಿಂತಿಲ್ಲ. ದಾರಿ ಕಾಯುವ ತಾಯಂದಿರು ಇಲ್ಲೂ ಇದ್ದಾರೆ. ಆ ಸಿನಿಮಾ ಅವ್ವನಿಗೆ ಅರ್ಥವಾಗಲು ರಷ್ಯನ್ ಬೇಕಾಗಲಿಲ್ಲ.

‘ಫಾದರ್ ಆಫ್ ಎ ಸೋಲ್ಜರ್’ (1964) ಇನ್ನೊಂದು ಬಗೆಯದು. ಜಾರ್ಜಿಯಾದ ದ್ರಾಕ್ಷಿ ಬೆಳೆಗಾರ ಮುದುಕ, ಗಾಯಗೊಂಡ ಮಗನನ್ನು ನೋಡಲು ಆಸ್ಪತ್ರೆಗೆ ಹೋಗುತ್ತಾನೆ. ಮಗ ಆಗಲೇ ಯುದ್ಧಕ್ಕೆ ಮರಳಿದ್ದಾನೆ. ಅವನನ್ನು ಹುಡುಕುತ್ತಾ ಅಪ್ಪನೂ ಸೈನ್ಯ ಸೇರುತ್ತಾನೆ. ಜರ್ಮನಿಯಲ್ಲಿ ತಮ್ಮದೇ ಸೈನ್ಯದ ಟ್ಯಾಂಕ್ ದ್ರಾಕ್ಷಿ ಬಳ್ಳಿಗಳ ಮೇಲೆ ನುಗ್ಗಿದಾಗ ಅಡ್ಡ ನಿಂತು ಚಾಲಕನಿಗೆ ಬಯ್ಯುತ್ತಾನೆ. ತೋಟ ಶತ್ರುವಿನ ದೇಶದ್ದು. ರೈತನಿಗೆ ಅದೆಲ್ಲ ಲೆಕ್ಕಕ್ಕಿಲ್ಲ, ಬೆಳೆ ಬೆಳೆಯೇ. ಭತ್ತದ ಗದ್ದೆಗೆ ದನ ನುಗ್ಗಿದರೆ ಅದು ಯಾರ ಗದ್ದೆ ಎಂದು ಕೇಳದೆ ಓಡಿಸುವ ನಮ್ಮ ಕಡೆಯ ಹಿರಿಯರೇ ಕಣ್ಮುಂದೆ ಬಂದರು.

ಎರಡನೇ ಮಹಾಯುದ್ಧದಲ್ಲಿ ಸತ್ತ ಸೋವಿಯತ್ ಜನ ಸುಮಾರು 2.7 ಕೋಟಿ. ಆದರೂ 1953ರಲ್ಲಿ ಸ್ಟಾಲಿನ್ ಸಾಯುವವರೆಗೆ ಅಲ್ಲಿನ ಯುದ್ಧಚಿತ್ರಗಳಲ್ಲಿ ನಾಯಕರ ಜಯಘೋಷವೇ ಹೆಚ್ಚು. ಬಿಗಿ ಸಡಿಲವಾದ ಮೇಲೆ ಕ್ಯಾಮೆರಾ ಮನೆಯ ಬಾಗಿಲಲ್ಲಿ ನಿಂತವರ ಕಡೆ ತಿರುಗಿತು. ಪ್ರಿಯಕರನಿಗಾಗಿ ಕಾಯುವ ಹುಡುಗಿಯ ಕಥೆ ‘ದಿ ಕ್ರೇನ್ಸ್ ಆರ್ ಫ್ಲೈಯಿಂಗ್’ 1958ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಗೆದ್ದಿತು.

‘ಅಮ್ಮಂದಿರಿಗಾಗಿ ಇಷ್ಟು ಅತ್ತ ದೇಶ ಈಗ ಮಾಡುತ್ತಿರುವುದೇನು?’ ಎಂದು ರೂಮ್‌ಮೇಟ್ ಕೇಳಿದ. ನ್ಯಾಯವಾದ ಪ್ರಶ್ನೆ. ಸ್ವತಃ ಆ ಯುದ್ಧದಲ್ಲಿ ಹೋರಾಡಿದ್ದ ಚುಖ್ರಾಯ್ ಹುಟ್ಟಿದ್ದು ಉಕ್ರೇನಿನ ಮೆಲಿಟೊಪೋಲ್‌ನಲ್ಲಿ. ಆ ಊರನ್ನು 2022ರಲ್ಲಿ ರಷ್ಯಾ ಸೇನೆ ಆಕ್ರಮಿಸಿತು. ಅದೇ ವರ್ಷ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ದಾಳಿಗೆ ಬಲಿಯಾದ. ಕೆಲಸದ ಆಸೆಗೆ ರಷ್ಯಾಕ್ಕೆ ಹೋಗಿ ಯುದ್ಧಭೂಮಿಯಲ್ಲಿ ಸಿಲುಕಿದ ಕಲಬುರಗಿ ಯುವಕರಿಗಾಗಿ 2024ರಲ್ಲಿ ಹೆತ್ತವರು ತಿಂಗಳುಗಟ್ಟಲೆ ಕಾದರು. ಸಿನಿಮಾ ಯುದ್ಧ ನಿಲ್ಲಿಸಲಾರದು, ನಿಜ. ಆದರೆ ಟಿವಿಯಲ್ಲಿ ನಕ್ಷೆ, ಬಾಣದ ಗುರುತು ನೋಡುವಾಗ ಅದರ ಕೆಳಗೊಂದು ಸೋರುವ ಮಾಳಿಗೆ ಇದೆ ಎಂದು ನೆನಪಿಸಬಲ್ಲದು.

ಮೊಸ್‌ಫಿಲ್ಮ್ ಸಂಸ್ಥೆಯ ಯೂಟ್ಯೂಬ್ ಚಾನೆಲ್‌ನಲ್ಲಿ ಇಂಥ ಹಲವು ಚಿತ್ರಗಳು ಇಂಗ್ಲಿಷ್ ಸಬ್‌ಟೈಟಲ್ ಸಮೇತ ಉಚಿತವಾಗಿ ಸಿಗುತ್ತವೆ. ‘ಬ್ಯಾಲಡ್’ ಒಂದೂವರೆ ತಾಸಿನೊಳಗೆ ಮುಗಿಯುತ್ತದೆ. ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ನೋಡಿ. ಸಾಧ್ಯವಾದರೆ ಮನೆಯವರ ಜೊತೆ ಕೂತು ನೋಡಿ.