ಲಂಬ ಮೆನುವಿನಲ್ಲಿ ಕನ್ನಡದ ಒತ್ತಕ್ಷರ

ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಹೆಸರನ್ನು ಜಾಲಪುಟವೊಂದರ ಅಂಚಿನಲ್ಲಿ ಒಂದರ ಕೆಳಗೊಂದರಂತೆ ಜೋಡಿಸಿ, ಯಾವ ಹೆಸರನ್ನು ಒತ್ತಿದರೂ ಆಯಾ ತಾಲ್ಲೂಕಿನ ಮಾಹಿತಿ ತೆರೆದುಕೊಳ್ಳುವಂತೆ ಮಾಡಿದರೆ ಅದೇ ಲಂಬ ಮೆನು. ಪುಟದಲ್ಲಿ ಏನೇನಿದೆ ಎಂಬುದನ್ನು ಎಚ್‌ಟಿಎಂಎಲ್ ಎಂಬ ಗುರುತು ಭಾಷೆ ಹೇಳುತ್ತದೆ. ಅವುಗಳ ಬಣ್ಣ, ಅಳತೆ, ಅಂತರಗಳನ್ನು ಸಿಎಸ್‌ಎಸ್ ಎಂಬ ಶೈಲಿ ಭಾಷೆ ನಿರ್ಧರಿಸುತ್ತದೆ. ಹೋಕನ್ ವಿಯಮ್ ಲೀ 1994ರಲ್ಲಿ ಮುಂದಿಟ್ಟ, 1996ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ಶಿಫಾರಸಿನ ರೂಪ ಪಡೆದ ಈ ಭಾಷೆಯಲ್ಲಿ ಬರೆದ ಸಿದ್ಧ ಮಾದರಿಗಳು ಸಾಮಾನ್ಯವಾಗಿ ರೋಮನ್ ಲಿಪಿಯ ಅಳತೆಗೆ ಹೊಂದಿಕೊಂಡಿರುತ್ತವೆ. ಅವನ್ನು ಹಾಗೆಯೇ ಕನ್ನಡಕ್ಕೆ ತಂದಾಗ ಎದುರಾಗುವ ತೊಡಕುಗಳನ್ನು ಅರಿಯಲು ಈ ಮೂರು ಹೆಸರುಗಳೇ ಸಾಕು.

ಮೆನುವಿನ ಮೂಲ ಒಂದು ಸಾದಾ ಪಟ್ಟಿ. ಸಾಲಿನ ಮುಂದಿನ ಚುಕ್ಕಿಗಳನ್ನು ತೆಗೆಯುವುದು ಸುಲಭ. ಆದರೆ ಕೊಂಡಿಯು ಸಹಜ ಸ್ಥಿತಿಯಲ್ಲಿ ಅಕ್ಷರಗಳಷ್ಟೇ ಅಗಲವನ್ನು ಆಕ್ರಮಿಸುವುದರಿಂದ, ‘ಕೊಪ್ಪ’ ಎಂಬ ಎರಡಕ್ಷರದ ಹೆಸರನ್ನು ಬೆರಳಿನಿಂದ ಗುರಿಯಿಟ್ಟು ಒತ್ತಬೇಕಾಗುತ್ತದೆ. ಕೊಂಡಿಗೆ ‘ಡಿಸ್‌ಪ್ಲೇ ಬ್ಲಾಕ್’ ಎಂಬ ನಿಯಮ ಕೊಟ್ಟು, ಅಕ್ಷರದ ಸುತ್ತಲಿನ ಒಳ ಅಂತರವಾದ ಪ್ಯಾಡಿಂಗನ್ನು ಆ ಕೊಂಡಿಗೇ ಸೇರಿಸಿದರೆ ಇಡೀ ಸಾಲು ಒತ್ತಲು ಬರುತ್ತದೆ. ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಉದ್ದಗಲವಿರಬೇಕೆಂದು 2023ರ ಜಾಲ ಸುಗಮ್ಯತಾ ಮಾರ್ಗಸೂಚಿ ಹೇಳುತ್ತದೆ.

ನಿಜವಾದ ಕಷ್ಟ ಇರುವುದು ಸಾಲಿನ ಎತ್ತರದಲ್ಲಿ. ‘ಕೊಪ್ಪ’ದಲ್ಲಿ ಪಕಾರದ ಒತ್ತು ಮೂಲಾಕ್ಷರದ ಅಡಿಗೆ ಇಳಿಯುತ್ತದೆ, ‘ಶೃಂಗೇರಿ’ಯಲ್ಲಿ ಋಕಾರದ ಚಿಹ್ನೆ ಶಕಾರದ ಬಲಗಡೆ ಕೆಳಕ್ಕೆ ಬಾಗುತ್ತದೆ, ಹೀಗಾಗಿ ಕನ್ನಡದ ಸಾಲಿಗೆ ತಳಭಾಗದಲ್ಲಿ ಹೆಚ್ಚು ಜಾಗ ಬೇಕು. ಸಾಲಿನ ಎತ್ತರವನ್ನು ಸೂಚಿಸುವ ‘ಲೈನ್-ಹೈಟ್’ ಅನ್ನು ಅಕ್ಷರದ ಗಾತ್ರದಷ್ಟಕ್ಕೇ ಇಳಿಸಿದರೆ ಒತ್ತಕ್ಷರ ಕೆಳಗಿನ ಹೆಸರಿಗೆ ತಾಗುತ್ತದೆ. ಸಾಲಿಗೆ ನಿಗದಿತ ಎತ್ತರ ಕೊಟ್ಟು, ಮಿಕ್ಕದ್ದನ್ನು ಮರೆಮಾಡುವ ನಿಯಮವನ್ನೂ ಹಾಕಿದರೆ ಒತ್ತು ಕತ್ತರಿಸಿಹೋಗಿ ಓದುಗನ ಮುಂದೆ ‘ಕೊಪ’ ಎಂಬ ಬೇರೆಯೇ ಹೆಸರು ನಿಲ್ಲುತ್ತದೆ. ಊರಿನ ಹೆಸರನ್ನೇ ಕೆಡಿಸುವ ಈ ದೋಷವನ್ನು ಅಲಂಕಾರದ ಸಣ್ಣ ಕೊರತೆಯೆಂದು ಬಿಡಲಾಗದು. ಎತ್ತರವನ್ನು ನಿಗದಿಪಡಿಸದೆ, ಲೈನ್-ಹೈಟ್‌ಗೆ ಮಾನವಿಲ್ಲದ 1.6ರಂತಹ ಸಂಖ್ಯೆಯನ್ನು ಕೊಟ್ಟರೆ, 18 ಪಿಕ್ಸೆಲ್ ಅಕ್ಷರಕ್ಕೆ 28.8 ಪಿಕ್ಸೆಲ್ ಎತ್ತರ ಸಿಗುವುದಲ್ಲದೆ, ಓದುಗರು ಅಕ್ಷರವನ್ನು ಹಿಗ್ಗಿಸಿದಾಗ ಸಾಲೂ ಅದರೊಡನೆ ಹಿಗ್ಗುತ್ತದೆ.

‘ನರಸಿಂಹರಾಜಪುರ’ದ ಪ್ರಶ್ನೆ ಅಗಲದ್ದು. ಯೂನಿಕೋಡ್‌ನಲ್ಲಿ 12 ಸಂಕೇತಗಳಿಂದ ಕೂಡಿದ, ಕಣ್ಣಿಗೆ 8 ಅಕ್ಷರಗಳಾಗಿ ಕಾಣುವ ಈ ಹೆಸರಿನ ನಡುವೆ ತೆರಪಿಲ್ಲದ ಕಾರಣ, ಕಿರಿದಾದ ಮೆನುವಿನಲ್ಲಿ ಅದು ಅಂಚನ್ನು ದಾಟಿ ಪುಟದ ವಿಷಯದ ಮೇಲೆ ಚಾಚಿಕೊಳ್ಳುತ್ತದೆ. ಜನರ ಬಾಯಲ್ಲಿರುವ ಎನ್.ಆರ್.ಪುರ ಎಂಬ ಹ್ರಸ್ವರೂಪ ರೋಮನ್ ಲಿಪಿಯಲ್ಲಿ ಜಾಗ ಉಳಿಸುವಷ್ಟು ಕನ್ನಡದಲ್ಲಿ ಉಳಿಸದು, ಏಕೆಂದರೆ ಇಲ್ಲಿ ಅದಕ್ಕೂ 6 ಅಕ್ಷರ ಮತ್ತು 2 ಚುಕ್ಕಿ ಬೇಕು. ಹೆಸರನ್ನು ಮೂರು ಚುಕ್ಕಿಯಿಂದ ಮೊಟಕುಗೊಳಿಸುವುದಕ್ಕಿಂತ ಮೆನುವಿನ ಅಗಲವನ್ನು ಅತಿ ಉದ್ದದ ಹೆಸರಿಗೆ ತಕ್ಕಂತೆ ಬೆಳೆಯಲು ಬಿಡುವುದು ಉಚಿತ. ಮೊಬೈಲಿನಲ್ಲಿ ಅದೂ ಸಾಧ್ಯವಾಗದಿದ್ದರೆ ‘ನರಸಿಂಹರಾಜ’ ಮತ್ತು ‘ಪುರ’ಗಳ ನಡುವೆ ಸಾಲು ಮುರಿಯಬಹುದೆಂಬ ಅದೃಶ್ಯ ಸೂಚನೆಯನ್ನು ಎಚ್‌ಟಿಎಂಎಲ್‌ನಲ್ಲಿಯೇ ಇರಿಸಬಹುದು.

ತೆರೆದಿರುವ ಪುಟ ಯಾವುದೆಂದು ತೋರಿಸಲು ಅಡಿಗೆರೆ ಎಳೆಯುವ ರೂಢಿಯೂ ಕನ್ನಡಕ್ಕೆ ಅಷ್ಟಾಗಿ ಒಗ್ಗದು. ಕೆಳಗಿಳಿದ ಅಕ್ಷರಭಾಗಗಳನ್ನು ತಪ್ಪಿಸಿ ಬ್ರೌಸರ್ ಗೆರೆ ಎಳೆಯುವುದರಿಂದ ಅದು ಅಲ್ಲಲ್ಲಿ ತುಂಡಾಗುತ್ತದೆ. ಆದ್ದರಿಂದ ಹೆಸರಿನ ಎಡಬದಿಗೆ ದಪ್ಪ ಅಂಚುಪಟ್ಟಿ ಕೊಡುವುದು ಲೇಸು. ಮೌಸ್ ಮೇಲೆ ಬಂದಾಗ ಬಣ್ಣ ಬದಲಿಸುವ ನಿಯಮವನ್ನು ಬರೆಯುವಾಗ, ಕೀಲಿಮಣೆಯಿಂದ ಕೊಂಡಿಯನ್ನು ತಲುಪಿದವರಿಗೂ ಅದೇ ಬದಲಾವಣೆ ಕಾಣುವಂತೆ ‘ಫೋಕಸ್’ ಸ್ಥಿತಿಗೂ ಅದನ್ನು ಬರೆಯಬೇಕು ಮತ್ತು ಬಣ್ಣ ಬದಲಾದ ಮೇಲೂ ಅಕ್ಷರ ಹಾಗೂ ಹಿನ್ನೆಲೆಗಳ ನಡುವಿನ ಬೆಳಕಿನ ಅನುಪಾತ 4.5:1ಕ್ಕಿಂತ ಕಡಿಮೆಯಾಗಬಾರದು.